ಕಲಬುರಗಿಯ ಗಾಳಿಯಲ್ಲಿ ಎಷ್ಟು ದೂಳು, ಎದೆಯಲ್ಲಿ ಉಳಿಯುವುದೆಷ್ಟು? ನೀವೇ ಅಳೆದು ಲೆಕ್ಕ ಹಾಕುವ ಬಗೆ

ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್ ತೆರೆದರೆ ಕಲಬುರಗಿಯ ಹೆಸರಿನ ಮುಂದೆ ಒಂದು ಅಂಕಿ, ಅದರ ಹಿಂದೆ ಒಂದು ಬಣ್ಣ ಕಾಣುತ್ತದೆ. ಆ ಅಂಕಿ ಮಾಪಕ ನಿಂತಿರುವ ಜಾಗದ ಗಾಳಿಗೆ ಸಂಬಂಧಿಸಿದ್ದೇ ಹೊರತು ಯಾರ ಎದೆಗೂ ಸಂಬಂಧಿಸಿದ್ದಲ್ಲ. ನೆಹರು ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲನೂ ಅದೇ ಅಂಗಡಿಯ ಗಾದಿಯ ಮೇಲೆ ಕುಳಿತ ಅಡತಿ ವ್ಯಾಪಾರಿಯೂ ಒಂದೇ ಗಾಳಿಯಲ್ಲಿದ್ದಾರೆ. ಆದರೂ ಸಂಜೆಯ ಹೊತ್ತಿಗೆ ಇಬ್ಬರ ಶ್ವಾಸಕೋಶದಲ್ಲಿ ಉಳಿದ ದೂಳಿನ ಪ್ರಮಾಣದಲ್ಲಿ ಅಜಗಜಾಂತರ ಇರುತ್ತದೆ. ಗಾಳಿಯ ಅಂಕಿಯಿಂದ ಎದೆಯ ಅಂಕಿಗೆ ಹೋಗುವ ದಾರಿಯೊಂದಿದೆ. ಅದಕ್ಕೆ ಬೇಕಾದದ್ದು ಒಂದು ಅಗ್ಗದ ಮಾಪಕ, ಒಂದು ದಿನಚರಿ ಪುಸ್ತಕ, ಹೈಸ್ಕೂಲು ಮಟ್ಟದ ಗುಣಾಕಾರ ಮತ್ತು ಮಾಪಕವನ್ನು ಕಣ್ಣು ಮುಚ್ಚಿ ನಂಬದಿರುವ ಬುದ್ಧಿ.

ಕೊನೆಯದು ಯಾಕೆಂದರೆ, ಈ ಭಾಗದ ದೂಳಿನ ಸ್ವಭಾವವೇ ಬೇರೆ. ಅಗ್ಗದ ಮಾಪಕಗಳನ್ನು ಹೆಚ್ಚಾಗಿ ಹೊಗೆಯ ಕಣಗಳನ್ನು ಹಿಡಿಯಲೆಂದು ಮಾಡಿರುತ್ತಾರೆ. ನಮ್ಮಲ್ಲಿ ಬೇಸಿಗೆಯಲ್ಲಿ ಏಳುವುದು ಒಣಗಿದ ಎರೆಮಣ್ಣು, ರಸ್ತೆ ಅಂಚಿನ ಮಣ್ಣು, ಶಹಾಬಾದ ಕಲ್ಲಿನ ಪುಡಿ, ತೊಗರಿಯ ಹೊಟ್ಟು. ವಾಡಿ, ಸೇಡಂ, ಮಳಖೇಡ ಕಡೆಗೆ ಹೋದರೆ ಸಿಮೆಂಟಿನ ದೂಳೂ ಸೇರುತ್ತದೆ. ಇವೆಲ್ಲ ಬಹುಮಟ್ಟಿಗೆ ದಪ್ಪ ಕಣಗಳು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆಗೆ ಕಲಬುರಗಿಯೂ ಸೇರಿದೆ. ಹೊಗೆಯುಗುಳುವ ವಾಹನಗಳ ಸಂಖ್ಯೆಯಲ್ಲಿ ಬೆಂಗಳೂರಿಗೆ ಎಲ್ಲೂ ಸಾಟಿಯಲ್ಲದ ಊರು ಆ ಪಟ್ಟಿಯಲ್ಲಿ ಯಾಕಿದೆ ಎಂದು ಕೇಳುವವರು ಏಪ್ರಿಲ್ ತಿಂಗಳ ಮಧ್ಯಾಹ್ನ ಹುಮನಾಬಾದ್ ರಿಂಗ್ ರಸ್ತೆಯಲ್ಲಿ ಹತ್ತು ನಿಮಿಷ ನಿಂತರೆ ಸಾಕು.

ಮೊದಲ ಹೆಜ್ಜೆ: ಅಂಕಿ ಏನನ್ನು ಹೇಳುತ್ತದೆ ಎಂದು ತಿಳಿಯಿರಿ

ಪಿಎಂ 10 ಎಂದರೆ 10 ಮೈಕ್ರೊಮೀಟರ್‌ವರೆಗಿನ ಕಣಗಳೆಲ್ಲವೂ ಸೇರಿ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೊಗ್ರಾಂ ತೂಗುತ್ತವೆ ಎಂಬ ಲೆಕ್ಕ. ಪಿಎಂ 2.5 ಎಂದರೆ 2.5 ಮೈಕ್ರೊಮೀಟರ್‌ವರೆಗಿನ ಕಣಗಳದ್ದು, ಅದೂ ಪಿಎಂ 10ರೊಳಗಿನದೇ ಒಂದು ಭಾಗ, ಬೇರೆ ದೂಳಲ್ಲ. (ಒಂದು ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.) ಪಿಎಂ 10ರಿಂದ ಪಿಎಂ 2.5 ಕಳೆದರೆ ಉಳಿಯುವುದು ದಪ್ಪ ದೂಳು. ಈ ಕಳೆಯುವ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಇಲ್ಲಿ ಹೇಳುವ ಗಾತ್ರ ಅಳತೆಪಟ್ಟಿಯಲ್ಲಿ ಅಳೆಯುವ ಗಾತ್ರವಲ್ಲ. ಕಣವೊಂದು ಗಾಳಿಯಲ್ಲಿ ಎಷ್ಟು ವೇಗವಾಗಿ ಕೆಳಗಿಳಿಯುತ್ತದೆಯೋ ಅಷ್ಟೇ ವೇಗದಲ್ಲಿ ಇಳಿಯುವ ನೀರಹನಿಯ ವ್ಯಾಸವನ್ನು ಆ ಕಣದ ಗಾತ್ರವೆಂದು ಹಿಡಿಯುತ್ತಾರೆ. ಇದಕ್ಕೆ ವಾಯುಗತಿಕ ವ್ಯಾಸ ಎನ್ನುತ್ತಾರೆ. ಕಣದ ಸಾಂದ್ರತೆಯ ವರ್ಗಮೂಲವನ್ನು ಅದರ ನಿಜ ವ್ಯಾಸಕ್ಕೆ ಗುಣಿಸಿದರೆ ಸುಮಾರಾಗಿ ಅದು ಸಿಗುತ್ತದೆ. ಶಹಾಬಾದ ಕಲ್ಲು ಸುಣ್ಣದ ಕಲ್ಲು, ನೀರನ್ನು 1 ಎಂದು ಹಿಡಿದರೆ ಅದರ ಸಾಂದ್ರತೆ 2.7ರ ಆಸುಪಾಸು. ಆದ್ದರಿಂದ 3 ಮೈಕ್ರೊಮೀಟರ್ ಅಗಲದ ಕಲ್ಲಿನ ಪುಡಿ ಎದೆಯೊಳಗೆ 5 ಮೈಕ್ರೊಮೀಟರ್ ಹನಿಯಂತೆ ವರ್ತಿಸುತ್ತದೆ. ಬೀದರಿನ ಬಿದರಿ ಕೆಲಸದಲ್ಲಿ ಅರ ಹಾಕುವಾಗ ಏಳುವ ಪುಡಿಯಲ್ಲಿ ಮುಖ್ಯ ಲೋಹ ಸತು, ಅದರ ಸಾಂದ್ರತೆ 7ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿನ 1 ಮೈಕ್ರೊಮೀಟರ್ ಕಣ ಸುಮಾರು 2.7 ಮೈಕ್ರೊಮೀಟರ್ ಕಣದಂತೆ ನಡೆದುಕೊಳ್ಳುತ್ತದೆ. ತೊಗರಿ ಹೊಟ್ಟು ಇದಕ್ಕೆ ತೀರ ತದ್ವಿರುದ್ಧ: ಕಣ್ಣಿಗೆ ದೊಡ್ಡದಾಗಿ ಕಂಡರೂ ಹಗುರವಾದ್ದರಿಂದ ಬೇಗ ಕೆಳಗೆ ಕೂರುವುದಿಲ್ಲ.

ಕೂರುವ ವೇಗದ ಅಂದಾಜೂ ಇರಲಿ. ಅಲುಗಾಡದ ಗಾಳಿಯಲ್ಲಿ 10 ಮೈಕ್ರೊಮೀಟರ್ ಹನಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಇಳಿಯುತ್ತದೆ. ಮೂಗಿನ ಎತ್ತರದಿಂದ ನೆಲ ಮುಟ್ಟಲು ಎಂಟು ಹತ್ತು ನಿಮಿಷ ಸಾಕು. 1 ಮೈಕ್ರೊಮೀಟರ್ ಹನಿಗೆ ಅದೇ ದೂರಕ್ಕೆ ಹನ್ನೆರಡು ತಾಸು ಬೇಕು. ರಸ್ತೆ ಗುಡಿಸಿದ ಮೇಲೆ ಅರ್ಧ ತಾಸು ಬಿಟ್ಟು ಹೊರಗೆ ಹೋಗಿ ಎಂದು ಹಿರಿಯರು ಹೇಳಿದರೆ ಅದು ಮಣ್ಣಿನ ದೂಳಿಗೆ ಸರಿ, ಕಸ ಸುಟ್ಟ ಹೊಗೆಗೆ ಸರಿಯಲ್ಲ.

ದೇಶದ ಮಾನದಂಡ 2009ರಲ್ಲಿ ನಿಗದಿಯಾದದ್ದು: 24 ತಾಸಿನ ಸರಾಸರಿ ಪಿಎಂ 10ಕ್ಕೆ 100, ಪಿಎಂ 2.5ಕ್ಕೆ 60 ಮೈಕ್ರೊಗ್ರಾಂ. ವರ್ಷದ ಸರಾಸರಿ ಕ್ರಮವಾಗಿ 60 ಮತ್ತು 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವಕ್ಕಿಂತ ಬಹಳ ಕೆಳಗಿನ ಮಿತಿಗಳನ್ನು ಇಟ್ಟು, 24 ತಾಸಿಗೆ 45 ಮತ್ತು 15, ವರ್ಷಕ್ಕೆ 15 ಮತ್ತು 5 ಎಂದಿತು. ಒಣ ಪ್ರಸ್ಥಭೂಮಿಯ ಮೇಲೆ ಕುಳಿತ ಊರೊಂದು ವರ್ಷಪೂರ್ತಿ ಪಿಎಂ 10ನ್ನು 15ಕ್ಕೆ ಇಳಿಸುವುದು ಕಷ್ಟ ಎಂಬುದು ನನ್ನ ಅನಿಸಿಕೆ. 100ರ ಗೆರೆಯನ್ನಾದರೂ ದಾಟದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಯಾವ ನೆಪವೂ ಇಲ್ಲ.

ಆ್ಯಪ್ ತೋರಿಸುವ ವಾಯು ಗುಣಮಟ್ಟ ಸೂಚ್ಯಂಕ ಮೈಕ್ರೊಗ್ರಾಂ ಅಲ್ಲ. ಪಿಎಂ 10 ಒಂದು ಘನ ಮೀಟರಿಗೆ 180 ಮೈಕ್ರೊಗ್ರಾಂ ಇದ್ದರೆ ಸೂಚ್ಯಂಕದಲ್ಲಿ ಅದು ಸುಮಾರು 153 ಎಂದು ಕಾಣುತ್ತದೆ. ಸೂಚ್ಯಂಕದ ಅಂಕಿಯನ್ನು ಮುಂದಿನ ಲೆಕ್ಕಕ್ಕೆ ಹಾಕಿದರೆ ಉತ್ತರ ಬುಡಮೇಲಾಗುತ್ತದೆ. ಮೈಕ್ರೊಗ್ರಾಂ ಅಂಕಿಗಳನ್ನೇ ಹುಡುಕಿ ತೆಗೆಯಿರಿ.

ಎರಡನೆಯ ಹೆಜ್ಜೆ: ಸರ್ಕಾರಿ ಮಾಪಕವನ್ನು ಪತ್ತೆ ಹಚ್ಚಿ

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರಗಳು ಕಲಬುರಗಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ನಗರ ಮತ್ತು ಮಹಾತ್ಮ ಬಸವೇಶ್ವರ ಕಾಲೊನಿಯಲ್ಲಿವೆ. ಯಾದಗಿರಿಯದು ಜಿಲ್ಲಾಧಿಕಾರಿ ಕಚೇರಿಯ ಆವರಣದಲ್ಲಿದೆ. ಇವುಗಳ ಅಂಕಿಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಿಂದ ಯಾರು ಬೇಕಾದರೂ ತಾಸುವಾರು ಇಳಿಸಿಕೊಳ್ಳಬಹುದು. ಅದೇ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಸಿಗುವುದು ಮುಖ್ಯವಾಗಿ ಸೂಚ್ಯಂಕ, ಆದ್ದರಿಂದ ಜಾಲತಾಣವೇ ಒಳ್ಳೆಯದು. ಪಿಎಂ 10, ಪಿಎಂ 2.5, ತೇವಾಂಶ, ಗಾಳಿಯ ವೇಗ ಇವಿಷ್ಟನ್ನು ಆರಿಸಿ ಕಳೆದ ಒಂದು ತಿಂಗಳ ಹಾಳೆ ತೆಗೆದಿಟ್ಟುಕೊಳ್ಳಿ. ನಡುನಡುವೆ ಖಾಲಿ ಮನೆಗಳಿದ್ದರೆ ಅವನ್ನು ಸೊನ್ನೆಯೆಂದು ತುಂಬಬೇಡಿ, ಖಾಲಿಯಾಗಿಯೇ ಬಿಡಿ.

ಮೂರನೆಯ ಹೆಜ್ಜೆ: ನಿಮ್ಮ ಮಾಪಕ, ಅದರ ಕುರುಡು ಜಾಗ

ಅಂಗಡಿಯಲ್ಲಿ ಸಿಗುವ ಕೆಲವು ಸಾವಿರ ರೂಪಾಯಿಯ ಮಾಪಕಗಳ ಹೊಟ್ಟೆಯಲ್ಲಿರುವುದು ಬಹುಪಾಲು ಒಂದೇ ಬಗೆಯ ಯಂತ್ರ: ಪುಟ್ಟ ಫ್ಯಾನ್ ಗಾಳಿಯನ್ನು ಎಳೆಯುತ್ತದೆ, ಲೇಸರ್ ಕಿರಣ ಅದರ ಮೇಲೆ ಬೀಳುತ್ತದೆ, ಕಣಗಳಿಂದ ಚದುರಿದ ಬೆಳಕನ್ನು ಪಕ್ಕದ ಬೆಳಕುಗ್ರಾಹಕ ಹಿಡಿಯುತ್ತದೆ. ಪ್ಲಾಂಟವರ್ ಪಿಎಂಎಸ್ 5003, ನೋವಾ ಎಸ್‌ಡಿಎಸ್ 011, ಸೆನ್ಸಿರಿಯಾನ್ ಎಸ್‌ಪಿಎಸ್ 30 ಈ ಜಾತಿಯವು. ಇವು ತೂಗುವುದಿಲ್ಲ. ಬೆಳಕು ನೋಡಿ ತೂಕವನ್ನು ಊಹಿಸುತ್ತವೆ.

ಈ ಊಹೆ 1 ಮೈಕ್ರೊಮೀಟರಿನ ಆಸುಪಾಸಿನ ಹೊಗೆಕಣಗಳಿಗೆ ಚೆನ್ನಾಗಿ ಹೊಂದುತ್ತದೆ. ದಪ್ಪ ದೂಳಿನ ಮಟ್ಟಿಗೆ ಕೈಕೊಡುತ್ತದೆ. ಪರದೆಯ ಮೇಲೆ ಪಿಎಂ 10 ಎಂದು ಅಂಕಿ ಬರುತ್ತದೆ ನಿಜ, ಆದರೆ ಪಿಎಂಎಸ್ 5003ರಂಥವು ಅದನ್ನು ಬಹುತೇಕ ಸಣ್ಣ ಕಣಗಳ ಎಣಿಕೆಯಿಂದಲೇ ಮುಂದುವರಿಸಿ ಬರೆಯುತ್ತವೆ. ಪರೀಕ್ಷೆ ಸುಲಭ. ಅಂಗಳವನ್ನು ಗಾಳಿ ಇಲ್ಲದ ಹೊತ್ತಿನಲ್ಲಿ ಒಣ ಪೊರಕೆಯಿಂದ ಗುಡಿಸಿ. ಬಿಸಿಲುಕೋಲಿನಲ್ಲಿ ದೂಳು ಕಣ್ಣಾರೆ ಕಾಣುತ್ತಿರುವಾಗಲೂ ಪಿಎಂ 10 ಮತ್ತು ಪಿಎಂ 2.5 ಅಂಕಿಗಳ ನಡುವೆ ಅಂತರ ಹೆಚ್ಚದಿದ್ದರೆ, ನಿಮ್ಮ ಮಾಪಕಕ್ಕೆ ಮಣ್ಣಿನ ದೂಳು ಕಾಣುವುದಿಲ್ಲ ಎಂದು ಬರೆದಿಟ್ಟುಕೊಳ್ಳಿ. ಅದರ ಪಿಎಂ 2.5 ಅಂಕಿಯನ್ನು ಬಳಸಿ, ಪಿಎಂ 10 ಅಂಕಿಯನ್ನು ಮರೆತುಬಿಡಿ. ಮಾರುವವರು ಇದನ್ನು ಹೇಳುವುದಿಲ್ಲ.

ಇಡುವ ಜಾಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಡುಗೆಮನೆಯ ಕಿಟಕಿಯಿಂದ ದೂರ, ರಸ್ತೆ ಕಡೆಗೆ ಮುಖ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಮಳೆ ಬೀಳದ ಕಡೆ ಇದ್ದರಾಯಿತು. ಒಂದು ವಿಷಯ ಮಾತ್ರ ನಮ್ಮ ಊರಿಗೇ ಸೇರಿದ್ದು. ಎಸ್‌ಡಿಎಸ್ 011 ಕೆಲಸ ಮಾಡುವುದು 50 ಡಿಗ್ರಿಯವರೆಗೆ. ಮೇ ತಿಂಗಳಲ್ಲಿ ನೆರಳಿನಲ್ಲೇ 42, 43 ಇರುವಾಗ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಆ ಮಿತಿ ಬೆಳಿಗ್ಗೆಯೇ ದಾಟಿರುತ್ತದೆ. ಉತ್ತರ ದಿಕ್ಕಿನ ಗೋಡೆಗೆ, ಬಿಳಿ ಬಣ್ಣ ಬಳಿದ, ಕೆಳಗೆ ತೂತುಗಳಿರುವ ಡಬ್ಬಿಯಲ್ಲಿ ನೇತುಹಾಕಿ. ಈ ಮಾಪಕದ ಲೇಸರ್‌ನ ಆಯಸ್ಸು ಸುಮಾರು 8000 ತಾಸು, ಸತತ ಓಡಿಸಿದರೆ ವರ್ಷವೂ ಬಾಳುವುದಿಲ್ಲ. ಐದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಎಚ್ಚರಗೊಳ್ಳುವಂತೆ ಹೊಂದಿಸಿದರೆ ಹಲವು ವರ್ಷ ಬರುತ್ತದೆ. ಕರೆಂಟು ಹೋಗುವುದು ಇದ್ದೇ ಇದೆ. ಪವರ್ ಬ್ಯಾಂಕ್ ಜೋಡಿಸಿ, ಅಂಕಿಗಳು ಮೆಮೊರಿ ಕಾರ್ಡಿನಲ್ಲೂ ದಾಖಲಾಗಲಿ.

ಪಕ್ಕದಲ್ಲೊಂದು ತೇವಾಂಶ ಮಾಪಕ ಇರಲೇಬೇಕು. ಮಳೆಗಾಲದಲ್ಲಿ ಮತ್ತು ಚಳಿಗಾಲದ ಮುಂಜಾವಿನಲ್ಲಿ ಕಣಗಳು ನೀರು ಹೀರಿ ಉಬ್ಬುತ್ತವೆ. ಲೇಸರ್‌ಗೆ ಅವು ದೊಡ್ಡ ಕಣಗಳಂತೆ ಕಾಣುತ್ತವೆ, ಇಲ್ಲದ ದೂಳು ಇದ್ದಂತಾಗುತ್ತದೆ. ತೇವಾಂಶ ಶೇ 75 ದಾಟಿದ ತಾಸುಗಳನ್ನು ಲೆಕ್ಕದಿಂದ ಹೊರಗಿಡಿ. ನಮ್ಮ ಒಣ ಬೇಸಿಗೆಯಲ್ಲಿ ಈ ತೊಂದರೆ ಬಾರದು. ಅಷ್ಟರ ಮಟ್ಟಿಗೆ ಕರಾವಳಿಯವರಿಗಿಂತ ನಾವು ಪುಣ್ಯವಂತರು.

ನಾಲ್ಕನೆಯ ಹೆಜ್ಜೆ: ತಾಳೆ ನೋಡಿ

ಮಾಪಕವನ್ನು ಎರಡು ವಾರ ಸರ್ಕಾರಿ ಕೇಂದ್ರದ ಸಮೀಪ ಇಡಬೇಕು. ಆವರಣದೊಳಗೆ ಬಿಡದಿದ್ದರೆ ಪಕ್ಕದ ಬೀದಿಯಲ್ಲಿ ಪರಿಚಯದವರ ಮಾಳಿಗೆ ಸಿಗಬಹುದು. ತಾಸುವಾರು ಸರಾಸರಿ ತೆಗೆದು ಎಕ್ಸೆಲ್ ಹಾಳೆಯಲ್ಲಿ ಒಂದು ಕಂಬದಲ್ಲಿ ನಿಮ್ಮ ಪಿಎಂ 2.5, ಮತ್ತೊಂದರಲ್ಲಿ ಕೇಂದ್ರದ್ದು ಬರೆದು ಚುಕ್ಕೆ ನಕ್ಷೆ ಎಳೆಯಿರಿ. ಚುಕ್ಕೆಗಳು ಒಂದು ಗೆರೆಯ ಸುತ್ತ ಕೂಡಿಕೊಂಡಿದ್ದರೆ ಆ ಗೆರೆಯ ಸಮೀಕರಣವೇ ನಿಮ್ಮ ತಿದ್ದುಪಡಿ ಸೂತ್ರ. ಆಕಾಶದಲ್ಲಿ ನಕ್ಷತ್ರ ಚೆಲ್ಲಿದಂತೆ ಇದ್ದರೆ ಮಾಪಕವನ್ನೋ ಜಾಗವನ್ನೋ ಬದಲಿಸಿ. ಬೇಸಿಗೆಯಲ್ಲಿ ಸಿಕ್ಕ ಸೂತ್ರವನ್ನು ಮಳೆಗಾಲಕ್ಕೆ ಬಳಸಬೇಡಿ, ತೊಗರಿ ರಾಶಿಯ ಕಾಲವಾದ ಡಿಸೆಂಬರ್, ಜನವರಿಗೂ ಬೇರೆಯದೇ ಬೇಕು.

ಪಿಎಂಎಸ್ ಮಾಪಕಗಳು ಒಂದೇ ಗಾಳಿಗೆ ಎರಡು ಜೊತೆ ಅಂಕಿ ಕೊಡುತ್ತವೆ, ಒಂದು ಕಾರ್ಖಾನೆಯ ಮಟ್ಟದ್ದು, ಇನ್ನೊಂದು ಹೊರಗಾಳಿಯದು. ಗಾಳಿ ಶುದ್ಧವಿದ್ದಾಗ ಎರಡೂ ಒಂದೇ. ದೂಳು ಹೆಚ್ಚಾದಂತೆ ಬೇರೆಯಾಗುತ್ತವೆ. ಯಾವುದನ್ನಾದರೂ ಹಿಡಿಯಿರಿ, ಕೊನೆಯವರೆಗೂ ಅದನ್ನೇ ಹಿಡಿಯಿರಿ.

ಐದನೆಯ ಹೆಜ್ಜೆ: ದಪ್ಪ ದೂಳನ್ನು ಹಿಡಿಯುವುದು

ಇದು ಈ ಭಾಗದವರು ಬಿಡಬಾರದ ಹೆಜ್ಜೆ, ಹೆಚ್ಚಿನ ಮಾರ್ಗದರ್ಶಿಗಳಲ್ಲಿ ಇರುವುದೇ ಇಲ್ಲ.

ಸುಲಭದ ದಾರಿ, ಹತ್ತಿರದ ಸರ್ಕಾರಿ ಕೇಂದ್ರದ ಪಿಎಂ 10ರಿಂದ ಪಿಎಂ 2.5 ಕಳೆಯುವುದು. ಆದರೆ ದಪ್ಪ ದೂಳು ದೂರ ಹೋಗುವುದಿಲ್ಲ. ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲಿನ ಮುಂದಿನ ಗಾಳಿಯ ಬಗ್ಗೆ ಶಾಸ್ತ್ರಿ ನಗರದ ಕೇಂದ್ರಕ್ಕೆ ಏನೂ ತಿಳಿಯದು.

ಸರಿಯಾದ ದಾರಿ ತೂಗುವುದು. ಪರಿಸರ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಉಸಿರಾಟದ ದೂಳು ಸಂಗ್ರಾಹಕ (ರೆಸ್ಪಿರೇಬಲ್ ಡಸ್ಟ್ ಸ್ಯಾಂಪ್ಲರ್) ಇರುತ್ತದೆ. ಅದು ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿಯನ್ನು ಗಾಜಿನ ನಾರಿನ ಸೋಸುಕಾಗದದ ಮೂಲಕ ಎಳೆಯುತ್ತದೆ. ಕಾಗದವನ್ನು ತೇವಹಾರಿ ಪಾತ್ರೆಯಲ್ಲಿ (ಡೆಸಿಕೇಟರ್) 24 ತಾಸು ಇಟ್ಟು ತೂಗಬೇಕು, ಓಡಿಸಿದ ಮೇಲೆ ಮತ್ತೆ 24 ತಾಸು ಇಟ್ಟು ತೂಗಬೇಕು. ಗ್ರಾಂನ ನಾಲ್ಕನೆಯ ದಶಮಾಂಶ ತೋರಿಸುವ ತಕ್ಕಡಿ ಸಾಕು. ಎಂಟು ತಾಸು ಓಡಿಸಿದರೆ ಎಳೆದ ಗಾಳಿ 528 ಘನ ಮೀಟರ್. ಕಾಗದ 79 ಮಿಲಿಗ್ರಾಂ ಭಾರವಾಗಿದ್ದರೆ ಪಿಎಂ 10 ಸುಮಾರು 150 ಮೈಕ್ರೊಗ್ರಾಂ ಎಂದಾಯಿತು. ಪಿಎಂ 2.5ನ್ನು ಹೀಗೆ ತೂಗುವುದು ಅಷ್ಟು ಸುಲಭವಲ್ಲ. ಅದರ ಯಂತ್ರ ನಿಮಿಷಕ್ಕೆ 16.7 ಲೀಟರ್ ಎಳೆಯುತ್ತದೆ, ದಿನಕ್ಕೆ 24 ಘನ ಮೀಟರ್. ಗಾಳಿಯಲ್ಲಿ 50 ಮೈಕ್ರೊಗ್ರಾಂ ಇದ್ದರೂ ಕಾಗದದ ಮೇಲೆ ಕೂರುವುದು 1.2 ಮಿಲಿಗ್ರಾಂ, ಅದಕ್ಕೆ ಸೂಕ್ಷ್ಮ ತಕ್ಕಡಿಯೇ ಬೇಕು. ಆದ್ದರಿಂದ ಪಿಎಂ 2.5ಕ್ಕೆ ತಾಳೆ ನೋಡಿದ ಲೇಸರ್, ಪಿಎಂ 10ಕ್ಕೆ ಸೋಸುಕಾಗದ ಎಂಬ ಜೋಡಿಯೇ ನಮಗೆ ಹೊಂದುವ ವ್ಯವಸ್ಥೆ.

ಶಾಲಾ ಮಕ್ಕಳನ್ನು ಕಟ್ಟಿಕೊಂಡು ಮಾಡುವುದಾದರೆ ಇನ್ನೊಂದು ಉಪಾಯವಿದೆ. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗೆ ತೆಳುವಾಗಿ ವ್ಯಾಸಲೀನ್ ಸವರಿ, ರಸ್ತೆ ಪಕ್ಕದಲ್ಲಿ ಒಂದು ದಿನ ಇಟ್ಟು, 40 ಪಟ್ಟಿನ ಮಸೂರದಲ್ಲಿ ನೋಡಿ. ತೂಕ ಗೊತ್ತಾಗದು, ಆದರೆ ದೂಳು ಯಾವುದರದು ಎಂದು ತಿಳಿಯುತ್ತದೆ. ಕಲ್ಲು, ಮಣ್ಣಿನ ಕಣಗಳಿಗೆ ಚೂಪು ಮೂಲೆಗಳಿರುತ್ತವೆ. ಹೊಟ್ಟು ಚಪ್ಪಟೆಯಾಗಿ ನಾರುನಾರಾಗಿ ಕಾಣುತ್ತದೆ. ಹೊಗೆಮಸಿ ಆಕಾರವಿಲ್ಲದ ಕಪ್ಪು ಗೊಂಚಲು. ಪರಾಗ ದುಂಡಗೆ, ನಿಯಮಬದ್ಧವಾಗಿರುತ್ತದೆ. ಗಂಜ್, ಕೇಂದ್ರ ಬಸ್ ನಿಲ್ದಾಣ, ಶರಣಬಸವೇಶ್ವರ ಕೆರೆಯ ದಂಡೆ ಈ ಮೂರು ಕಡೆಯ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಯಾವ ಅಂಕಿಯೂ ಹೇಳದ ಸಂಗತಿ ಕಣ್ಣಿಗೆ ಬೀಳುತ್ತದೆ.

ಆರನೆಯ ಹೆಜ್ಜೆ: ಉಸಿರಿನ ದಿನಚರಿ

ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಮೂಗಿನಿಂದಲೋ ಬಾಯಿಯಿಂದಲೋ ಉಸಿರಾಡುತ್ತಿದ್ದಿರಿ ಎಂದು ಬರೆಯಿರಿ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ 1994ರಲ್ಲಿ ಪ್ರಕಟಿಸಿದ ಉಸಿರಾಟದ ಮಾದರಿ ತಾಸಿಗೆ ಒಳಗೆ ಹೋಗುವ ಗಾಳಿಯನ್ನು ಹೀಗೆ ಹಿಡಿಯುತ್ತದೆ (ಘನ ಮೀಟರ್‌ಗಳಲ್ಲಿ):

ವಯಸ್ಕ ಗಂಡಸು: ನಿದ್ದೆ 0.45, ಕುಳಿತಾಗ 0.54, ಹಗುರ ಕೆಲಸ 1.5, ಭಾರದ ಕೆಲಸ 3.0
ವಯಸ್ಕ ಹೆಂಗಸು: ನಿದ್ದೆ 0.32, ಕುಳಿತಾಗ 0.39, ಹಗುರ ಕೆಲಸ 1.25, ಭಾರದ ಕೆಲಸ 2.7
ಹತ್ತು ವರ್ಷದ ಮಗು: ನಿದ್ದೆ 0.31, ಕುಳಿತಾಗ 0.38, ಹಗುರ ಆಟ 1.12

ಕೊನೆಯ ಸಾಲಿನ ಮೇಲೆ ಸ್ವಲ್ಪ ನಿಲ್ಲಿ. ಆಡುತ್ತಿರುವ ಹತ್ತು ವರ್ಷದ ಮಗು ತನ್ನ ತಾಯಿಗೆ ಹತ್ತಿರ ಹತ್ತಿರ ಗಾಳಿ ಎಳೆಯುತ್ತದೆ, ಅದರ ತೂಕ ಮಾತ್ರ ತಾಯಿಯ ಅರ್ಧದಷ್ಟು. ದೂಳೆದ್ದ ಮೈದಾನದಲ್ಲಿ ಮಧ್ಯಾಹ್ನ ಆಟದ ಅವಧಿ ಇಡುವ ಶಾಲೆಗಳು ಇದನ್ನು ಗಮನಿಸಬೇಕು.

ಏಳನೆಯ ಹೆಜ್ಜೆ: ಎದೆಯ ಲೆಕ್ಕ

ಶ್ವಾಸಕೋಶ ಜರಡಿಯಂತೆ ಕೆಲಸ ಮಾಡುವುದಿಲ್ಲ. ಜರಡಿಯಾಗಿದ್ದರೆ ದೊಡ್ಡವು ಮೇಲೆ ನಿಂತು ಸಣ್ಣವೆಲ್ಲ ಕೆಳಗೆ ಬೀಳಬೇಕಿತ್ತು. ಇಲ್ಲಿ ಮೂರು ಬೇರೆ ಬೇರೆ ಶಕ್ತಿಗಳು ಕೆಲಸ ಮಾಡುತ್ತವೆ. ದಪ್ಪ ಕಣ ಮೂಗಿನ, ಗಂಟಲಿನ ತಿರುವುಗಳಲ್ಲಿ ಗಾಳಿಯ ಜೊತೆ ತಿರುಗಲಾರದೆ ಗೋಡೆಗೆ ಬಡಿಯುತ್ತದೆ. ಮಧ್ಯಮ ಗಾತ್ರದ್ದು ಸಣ್ಣ ಕೊಳವೆಗಳಲ್ಲಿ ಗಾಳಿ ನಿಧಾನವಾದಾಗ ತೂಕದಿಂದ ಕೆಳಗೆ ಕೂರುತ್ತದೆ. ಅತಿ ಸಣ್ಣದು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಕುಣಿಯುತ್ತ ಗೋಡೆ ಮುಟ್ಟುತ್ತದೆ. ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಸಿಗದವು 0.3 ರಿಂದ 0.5 ಮೈಕ್ರೊಮೀಟರಿನ ಕಣಗಳು. ಅವುಗಳಲ್ಲಿ ಬಹುಪಾಲು ಹೋದ ದಾರಿಯಲ್ಲೇ ಹೊರಬರುತ್ತವೆ.

ಆ 1994ರ ಮಾದರಿಗೆ ಹೊಂದಿಸಿದ ಸರಳ ಸೂತ್ರಗಳಿಂದ, ಮೂಗಿನಿಂದ ಉಸಿರಾಡುವ ಆರೋಗ್ಯವಂತ ವಯಸ್ಕರಿಗೆ ಸುಮಾರಾಗಿ ಈ ಅಂಕಿಗಳು ಬರುತ್ತವೆ. ಒಳಗೆ ಹೋದದ್ದರಲ್ಲಿ ಶೇಕಡಾ ಎಷ್ಟು ಎಲ್ಲಿ ಕೂರುತ್ತದೆ ಎಂದು ಓದಿಕೊಳ್ಳಿ (ಗಾಳಿಗೂಡುಗಳೆಂದರೆ ಶ್ವಾಸನಾಳಗಳ ತುದಿಯಲ್ಲಿರುವ ಪುಟ್ಟ ಗಾಳಿಚೀಲಗಳು):

0.1 ಮೈಕ್ರೊಮೀಟರ್: ಮೂಗು-ಗಂಟಲು 2, ಶ್ವಾಸನಾಳಗಳು 3, ಗಾಳಿಗೂಡುಗಳು 14
0.5 ಮೈಕ್ರೊಮೀಟರ್: ಮೂಗು-ಗಂಟಲು 10, ಶ್ವಾಸನಾಳಗಳು 0.7, ಗಾಳಿಗೂಡುಗಳು 8
1 ಮೈಕ್ರೊಮೀಟರ್: ಮೂಗು-ಗಂಟಲು 28, ಶ್ವಾಸನಾಳಗಳು 3, ಗಾಳಿಗೂಡುಗಳು 12
2.5 ಮೈಕ್ರೊಮೀಟರ್: ಮೂಗು-ಗಂಟಲು 69, ಶ್ವಾಸನಾಳಗಳು 6, ಗಾಳಿಗೂಡುಗಳು 11
5 ಮೈಕ್ರೊಮೀಟರ್: ಮೂಗು-ಗಂಟಲು 86, ಶ್ವಾಸನಾಳಗಳು 4.5, ಗಾಳಿಗೂಡುಗಳು 6
10 ಮೈಕ್ರೊಮೀಟರ್: ಮೂಗು-ಗಂಟಲು 81, ಶ್ವಾಸನಾಳಗಳು 1.5, ಗಾಳಿಗೂಡುಗಳು 2

ಡೀಸೆಲ್ ಹೊಗೆಯಲ್ಲಿ ಹೇರಳವಾಗಿರುವ 20 ನ್ಯಾನೊಮೀಟರ್ ಕಣಗಳ ವಿಷಯ ಪಟ್ಟಿಯಿಂದ ಹೊರಗಿಟ್ಟಿದ್ದೇನೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೇರ ಗಾಳಿಗೂಡಿಗೇ ಇಳಿದು ಕೂರುತ್ತವೆ. ನಿಮ್ಮ ಲೇಸರ್‌ಗೆ ಅವು ಕಾಣುವುದೇ ಇಲ್ಲ, ತೂಕದ ಲೆಕ್ಕದಲ್ಲೂ ಸಿಗುವುದಿಲ್ಲ. ಟಂಟಂ ಆಟೊ ನಿಲ್ದಾಣದಲ್ಲಿ ನಿಂತಾಗ ಪರದೆಯ ಅಂಕಿ ಕಡಿಮೆಯಿದೆಯೆಂದು ಸಮಾಧಾನಪಡಬೇಡಿ.

ಈಗ ಒಂದು ಉದಾಹರಣೆ, ಅಂಕಿಗಳು ಲೆಕ್ಕಕ್ಕೆಂದು ಹಿಡಿದವು. ಜಗತ್ ವೃತ್ತದ ಬಳಿ ಪಿಎಂ 10 ಇರುವುದು 130, ಪಿಎಂ 2.5 ಇರುವುದು 50. ಹಾಗಾದರೆ ದಪ್ಪ ದೂಳು 80. ಕೈಗಾಡಿ ತಳ್ಳುತ್ತ ಹಣ್ಣು ಮಾರುವ ಗಂಡಸೊಬ್ಬ ಅಲ್ಲಿ ಎರಡು ತಾಸು ಇದ್ದಾನೆ. ಹಗುರ ಕೆಲಸವೆಂದು ಹಿಡಿದರೆ ಒಳಗೆ ಹೋದ ಗಾಳಿ 3 ಘನ ಮೀಟರ್. ಅದರ ಜೊತೆ ಹೋದ ಸಣ್ಣ ದೂಳು 150 ಮೈಕ್ರೊಗ್ರಾಂ, ದಪ್ಪ ದೂಳು 240. ಸಣ್ಣದಕ್ಕೆ ಪ್ರತಿನಿಧಿಯಾಗಿ 0.5 ಮೈಕ್ರೊಮೀಟರ್ ಸಾಲನ್ನೂ ದಪ್ಪದಕ್ಕೆ 5 ಮೈಕ್ರೊಮೀಟರ್ ಸಾಲನ್ನೂ ತೆಗೆದುಕೊಳ್ಳಿ.

ಗಾಳಿಗೂಡುಗಳಲ್ಲಿ ಸಣ್ಣ ದೂಳು 12, ದಪ್ಪ ದೂಳು 14, ಒಟ್ಟು 26 ಮೈಕ್ರೊಗ್ರಾಂ. ಶ್ವಾಸನಾಳಗಳಲ್ಲಿ 1 ಮತ್ತು 11, ಒಟ್ಟು 12. ಮೂಗು-ಗಂಟಲಿನಲ್ಲಿ 15 ಮತ್ತು 206, ಒಟ್ಟು 221. ಒಳಗೆ ಹೋದ ಸಣ್ಣ ದೂಳಿನಲ್ಲಿ ಐದರಲ್ಲಿ ನಾಲ್ಕು ಪಾಲು ಉಸಿರಿನೊಂದಿಗೆ ಹೊರಗೆ ಬಂತು.

ದಪ್ಪ ದೂಳು ಮೂಗಿನಲ್ಲೇ ನಿಲ್ಲುತ್ತದೆ, ಎದೆಗೆ ಇಳಿಯುವುದಿಲ್ಲ ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ಹೆಚ್ಚಿನ ಭಾಗಕ್ಕೆ ಅದು ನಿಜ. ಆದರೆ ದಪ್ಪ ದೂಳೇ ಮೇಲುಗೈಯಾಗಿರುವ ಊರಿನಲ್ಲಿ ಅದರ ಶೇ 6 ಭಾಗವೂ ತೂಕದಲ್ಲಿ ಸಣ್ಣ ದೂಳಿಗೆ ಸರಿಸಮ. ಅಗ್ಗದ ಮಾಪಕ ಆ 80ರ ಬದಲು 10 ಎಂದು ತೋರಿಸಿದ್ದರೆ ಗಾಳಿಗೂಡಿನ ಲೆಕ್ಕ 26ರಿಂದ 14ಕ್ಕೆ ಇಳಿಯುತ್ತಿತ್ತು. ಐದನೆಯ ಹೆಜ್ಜೆಯಲ್ಲಿ ಅಷ್ಟೊಂದು ಹಟ ಹಿಡಿದದ್ದು ಇದಕ್ಕೇ.

ಹಾಗೆಂದು 14 ಮೈಕ್ರೊಗ್ರಾಂ ಮಣ್ಣು, 12 ಮೈಕ್ರೊಗ್ರಾಂ ಹೊಗೆ ಎರಡೂ ಒಂದೇ ಎಂದು ಹೊರಡಬೇಡಿ. ಒಂದೇ ಸಾಂದ್ರತೆಯ 5 ಮೈಕ್ರೊಮೀಟರ್ ಕಣವೊಂದು ಸಾವಿರ 0.5 ಮೈಕ್ರೊಮೀಟರ್ ಕಣಗಳಿಗೆ ಸಮ. ತೂಕ ಒಂದೇ ಆದರೂ ಹೊಗೆಯ ಕಣಗಳ ಸಂಖ್ಯೆಯೂ ಮೈ ಹರವೂ ಬಹಳ ಹೆಚ್ಚು, ಅವು ಹೊತ್ತು ತರುವ ರಾಸಾಯನಿಕಗಳೂ ಬೇರೆ. ಈ ಲೆಕ್ಕ ಹೇಳುವುದು ಪ್ರಮಾಣವನ್ನು, ವಿಷವನ್ನಲ್ಲ.

ಅದೇ ಜಾಗದಲ್ಲಿ ಅಂಗಡಿಯಲ್ಲಿ ಕುಳಿತವನಿಗೆ ಎರಡು ತಾಸಿಗೆ ಒಳಗೆ ಹೋಗುವುದು 1.08 ಘನ ಮೀಟರ್, ಗಾಳಿಗೂಡಿನಲ್ಲಿ ಉಳಿಯುವುದು ಸುಮಾರು 9.5 ಮೈಕ್ರೊಗ್ರಾಂ. ಚೀಲ ಹೊರುವ ಹಮಾಲನಿಗೆ 6 ಘನ ಮೀಟರ್. ಅವನ ವಿಷಯದಲ್ಲಿ ಬರೀ ಗುಣಾಕಾರ ಸಾಲದು. ಏದುಸಿರು ಬಂದಾಗ ಬಾಯಿ ತೆರೆಯುತ್ತದೆ, ಮೂಗಿನ ಕಾವಲು ತಪ್ಪುತ್ತದೆ, ಮೇಲಿನ ಪಟ್ಟಿಯ 86 ಎಂಬ ಅಂಕಿ ಕುಸಿದು ಆ ಪಾಲು ಕೆಳಗಿನ ನಾಳಗಳಿಗೆ ಹಂಚಿಹೋಗುತ್ತದೆ. ಆದ್ದರಿಂದ ಭಾರದ ಕೆಲಸದವರಿಗೆ ಈ ಪಟ್ಟಿ ಕೊಡುವ ಉತ್ತರವನ್ನು ಕನಿಷ್ಠವೆಂದೇ ಓದಿ. ಅಸ್ತಮಾ, ದೀರ್ಘಕಾಲದ ಶ್ವಾಸನಾಳದ ಉರಿಯೂತ ಇರುವವರ ನಾಳಗಳು ಕಿರಿದಾಗಿರುವುದರಿಂದ ಅವರಿಗೂ ಇದು ಹೊಂದುವುದಿಲ್ಲ. ಕೆಮ್ಮು, ದಮ್ಮು ಇದ್ದರೆ ವೈದ್ಯರ ಬಳಿ ಹೋಗಬೇಕೇ ಹೊರತು ಎಕ್ಸೆಲ್ ಹಾಳೆಯ ಬಳಿಗಲ್ಲ.

ಎಲ್ಲಿ ಕೂತಿತು ಎಂಬುದು ಮುಖ್ಯವಾಗುವುದು ಎಷ್ಟು ಕಾಲ ಉಳಿಯುತ್ತದೆ ಎಂಬುದರಿಂದ. ಮೂಗಿನದು ಸೀನಿದರೆ, ತೊಳೆದರೆ ಹೋಗುತ್ತದೆ. ಶ್ವಾಸನಾಳದ್ದನ್ನು ಲೋಳೆಯ ಪದರ ಬಹುಮಟ್ಟಿಗೆ ಒಂದೆರಡು ದಿನದಲ್ಲಿ ಗಂಟಲಿಗೆ ತಂದು ಹಾಕುತ್ತದೆ. ಗಾಳಿಗೂಡಿನಲ್ಲಿ ಕೂತ ಕರಗದ ಕಣವನ್ನು ಅಲ್ಲಿನ ಭಕ್ಷಕ ಕೋಶಗಳು ನುಂಗಿ ಸಾಗಿಸಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ದಿನವೂ ಅದೇ ಜಾಗದಲ್ಲಿ ನಿಲ್ಲುವವರ ಎದೆಯಲ್ಲಿ ಹಳೆಯ ಬಾಕಿ ತೀರುವ ಮೊದಲೇ ಹೊಸದು ಸೇರಿಕೊಳ್ಳುತ್ತದೆ.

ಎಂಟನೆಯ ಹೆಜ್ಜೆ: ಅಂಕಿ ಕೈಗೆ ಬಂದ ಮೇಲೆ

ಮುಖಗವಸಿನ ವಿಷಯ ಚಿಕ್ಕದು. ಬಾಯಿಗೆ ದಸ್ತಿ ಕಟ್ಟಿದರೆ ದಪ್ಪ ದೂಳಿನ ಒಂದಿಷ್ಟು ಭಾಗ ನಿಲ್ಲುತ್ತದೆ, ಸಣ್ಣದು ನಿಲ್ಲುವುದಿಲ್ಲ. ಎನ್ 95 ಮುಖಗವಸು 0.3 ಮೈಕ್ರೊಮೀಟರಿನ ಕಣಗಳನ್ನೂ ಶೇ 95ರಷ್ಟು ತಡೆಯುತ್ತದೆ, ಆದರೆ ಅಂಚುಗಳು ಮುಖಕ್ಕೆ ಬಿಗಿಯಾಗಿ ಕೂತಿದ್ದರೆ ಮಾತ್ರ. 43 ಡಿಗ್ರಿ ಬಿಸಿಲಿನಲ್ಲಿ ಚೀಲ ಹೊರುವವನಿಗೆ ಅದನ್ನು ದಿನವಿಡೀ ಹಾಕಿಕೋ ಎನ್ನುವುದು ಹೇಳುವವರಿಗೆ ಸುಲಭ. ದೂಳೇ ಏಳದಂತೆ ಮಾಡುವುದು ಪಾಲಿಕೆಯ, ಮಿಲ್ಲಿನವರ, ಗಂಜ್ ಸಮಿತಿಯ ಕೆಲಸ.

ಅವರಿಗೆ ಅರ್ಜಿ ಬರೆಯುವಾಗ ತಿಂಗಳ ಸರಾಸರಿ ಬರೆಯಬೇಡಿ. ಸರಾಸರಿಯನ್ನು ಓದಿದ ಅಧಿಕಾರಿ ಇನ್ನೊಂದು ಸರಾಸರಿಯಿಂದ ಉತ್ತರ ಕೊಡುತ್ತಾರೆ. ತಾಸುಗಳನ್ನು ಬರೆಯಿರಿ. ವಾರದ ಏಳು ದಿನ, ದಿನದ 24 ತಾಸು ಇರುವ ಒಂದು ಚೌಕಪಟ್ಟಿ ಮಾಡಿ, ದೂಳು ಏರಿದ ಮನೆಗಳಿಗೆ ಕೆಂಪು ಬಣ್ಣ ತುಂಬಿ. ಬೆಳಿಗ್ಗೆ ಜನ ನಡಿಗೆಗೆ ಹೊರಡುವ ಹೊತ್ತಿಗೇ ಒಣ ಪೊರಕೆ ಬೀಳುತ್ತಿದ್ದರೆ ಅದು ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಗುಡಿಸುವ ಹೊತ್ತನ್ನು ಒಂದು ತಾಸು ಹಿಂದಕ್ಕೆ ತರಲು ಅಥವಾ ಮೊದಲು ನೀರು ಚಿಮುಕಿಸಲು ಯಾವ ಟೆಂಡರೂ ಬೇಕಿಲ್ಲ. ರಸ್ತೆ ಅಂಚಿನ ಮಣ್ಣಿಗೆ ಕಲ್ಲುಹಾಸು ಕೇಳುವುದಾದರೆ ಗಾಜಿನ ಪಟ್ಟಿಯ ಫೋಟೊ ಲಗತ್ತಿಸಿ, ದೂಳು ಹೊಗೆಯದಲ್ಲ, ಮಣ್ಣಿನದು ಎಂಬುದಕ್ಕೆ ಅದೇ ಸಾಕ್ಷಿ. ಮಾಪಕದ ಹೆಸರು, ಅದನ್ನು ಇಟ್ಟ ಜಾಗ, ಸರ್ಕಾರಿ ಕೇಂದ್ರದೊಂದಿಗೆ ತಾಳೆ ನೋಡಿದ ದಿನಾಂಕ, ಹೊರಗಿಟ್ಟ ತಾಸುಗಳು ಇವಿಷ್ಟನ್ನೂ ಅರ್ಜಿಯ ಕೆಳಗೆ ಬರೆದು, ಒಂದು ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.